ವಿಂಡೋಸ್ 10 ಮುಗಿಯಿತಂತೆ. ಮನೆಯ ಹಳೆ ಕಂಪ್ಯೂಟರಿಗೆ ಇನ್ನು ಎಂತ ಹಾಕುವುದು?

ತೋಟದಮನೆ_ಬದಿಯಡ್ಕ · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಂಪ್ಯೂಟರ್ 2017ರಲ್ಲಿ ತೆಗೆದದ್ದು. ಐ3, ಆರನೇ ತಲೆಮಾರು. 4 ಜಿಬಿ ರ‍್ಯಾಮ್, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ಬೆಳಿಗ್ಗೆ ಸ್ವಿಚ್ ಹಾಕಿ ಹಟ್ಟಿಗೆ ಹೋಗಿ ಹಾಲು ಕರೆದು ಬರುವಾಗ ತೆರೆದುಕೊಂಡಿರುತ್ತದೆ. ಅಷ್ಟು ನಿಧಾನ.

ಅಕ್ಟೋಬರಿನಿಂದ ಬೆಂಬಲ ಮುಗಿಯಿತು ಅಂತ ಪರದೆ ತುಂಬ ಸಂದೇಶ ಬರುತ್ತಿದೆ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. "ಇದಕ್ಕೆ ವಿಂಡೋಸ್ 11 ಆಗುವುದಿಲ್ಲ, ಹೊಸದು ತೆಗೆಯಿರಿ" ಅಂದರು. ಇನ್ನೊಂದು ಅಂಗಡಿಯವರು "ಕೊಡಿ, ಐನೂರು ರೂಪಾಯಿಗೆ 11 ಹಾಕಿಕೊಡುತ್ತೇನೆ" ಅಂದರು. ಲೈಸೆನ್ಸ್ ಎಲ್ಲಿಂದ ಅಂತ ಕೇಳಿದ್ದಕ್ಕೆ ನಕ್ಕರು.

ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಅವಳದ್ದು ಒಂದೇ ಹಟ, "ಶಾಲೆಯಲ್ಲಿ ಇರುವುದನ್ನೇ ಹಾಕು ಅಪ್ಪಾ." ಶಾಲೆಯಲ್ಲಿ ಇರುವುದು ಲಿನಕ್ಸ್, ವಿಂಡೋಸಿನ ಬದಲಿಗೆ ಹಾಕುವ ಇನ್ನೊಂದು ವ್ಯವಸ್ಥೆ.

ತೊಂದರೆ ಇರುವುದು ನನ್ನ ಅಪ್ಪನದ್ದು. ಎಪ್ಪತ್ತಾರು ವರ್ಷ, ನಿವೃತ್ತ ಮೇಷ್ಟ್ರು. ದಿನಾ ಎರಡು ಗಂಟೆ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ತಾಳಮದ್ದಳೆಯ ಟಿಪ್ಪಣಿ, ಹಳೆ ಪ್ರಸಂಗದ ಪದ್ಯಗಳು, ದೇವಸ್ಥಾನದ ಆಮಂತ್ರಣ ಪತ್ರಿಕೆ. ಹದಿನೈದು ವರ್ಷದ ಫೈಲುಗಳಿವೆ. ನನ್ನದು ಅಡಿಕೆಯ ಲೆಕ್ಕ, ಕೂಲಿಯ ಲೆಕ್ಕ, ಎಲ್ಲ ಎಕ್ಸೆಲ್‌ನಲ್ಲಿ. ಹೆಂಡತಿಗೆ ಬ್ಯಾಂಕು, ಯೂಟ್ಯೂಬು, ಗಲ್ಫಿನಲ್ಲಿರುವ ತಮ್ಮನ ಜೊತೆ ವಿಡಿಯೋ ಮಾತು. ಮತ್ತೆ ಒಂದು ಹಳೆಯ ಲೇಸರ್ ಪ್ರಿಂಟರ್.

ದುಡ್ಡು ಕೊಟ್ಟು ಹೊಸದು ತೆಗೆಯುವುದಾ, ಲಿನಕ್ಸ್ ಹಾಕುವುದಾ, ಸುಮ್ನೆ ಹೀಗೇ ಮುಂದುವರಿಸುವುದಾ? ಬಳಸಿ ಗೊತ್ತಿದ್ದವರು ಹೇಳಿ.

ಉಪ್ಪಳ_ಗೇಮರ್ · ಶುಕ್ರವಾರ ರಾತ್ರಿ 9:52

11ಕ್ಕೆ ಎಂಟನೇ ತಲೆಮಾರಿನ ಇಂಟೆಲ್ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು ಅಂತ ನಿಯಮ. ಆದರೆ ವಿಂಡೋಸ್ ಹಾಕುವ ಪೆನ್‌ಡ್ರೈವನ್ನು ರೂಫಸ್ ಅನ್ನುವ ತಂತ್ರಾಂಶದಲ್ಲಿ ಮಾಡುವಾಗ ಆ ತಪಾಸಣೆ ತೆಗೆಯುವ ಆಯ್ಕೆ ಉಂಟು. ನಾನು ಅಜ್ಜನ ಮನೆಯ ಡಬ್ಬಕ್ಕೆ ಹಾಗೇ ಹಾಕಿದ್ದೇನೆ. ಓಡುತ್ತದೆ. ಅರ್ಧ ಗಂಟೆಯ ಕೆಲಸ. ಲಿನಕ್ಸ್ ಅಂತ ತಲೆ ಹಾಳು ಮಾಡಿಕೊಳ್ಳಬೇಡಿ.

ಹೊಸಂಗಡಿ_ಸ್ಕ್ರೂಡ್ರೈವರ್ · ಶುಕ್ರವಾರ ರಾತ್ರಿ 10:15

ಓಡುತ್ತದೆ, ಸರಿ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಇವತ್ತು ಬರಬಹುದು, ಮುಂದಿನ ವರ್ಷ ನಿಲ್ಲಬಹುದು. ಮತ್ತೆ 4 ಜಿಬಿ ರ‍್ಯಾಮ್, ತಿರುಗುವ ಡಿಸ್ಕ್, ಅದರ ಮೇಲೆ 11! ಹಾಲು ಕರೆಯುವುದಲ್ಲ, ಬೆಣ್ಣೆ ಕಡೆದು ಬಂದರೂ ತೆರೆದಿರಲಿಕ್ಕಿಲ್ಲ.

ಬದಿಯಡ್ಕದವರೇ, ಎಂತ ಹಾಕುವುದಿದ್ದರೂ ಮೊದಲು ತಿರುಗುವ ಡಿಸ್ಕಿನ ಬದಲು ಒಂದು 240 ಜಿಬಿಯ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಮಾಡಿ. ವಿಂಡೋಸಿನ ಅಸಲಿ ಲೈಸೆನ್ಸಿಗಿಂತ ಇದು ಅಗ್ಗ. ನಿಧಾನ ಅನ್ನುವ ದೂರಿನ ಮುಕ್ಕಾಲು ಪಾಲು ಡಿಸ್ಕಿನದ್ದೇ.

ಇನ್ನೊಂದು. ಗಡಿಬಿಡಿ ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಆದರೆ ಮನೆ ಬಳಕೆಯವರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುವ ವ್ಯವಸ್ಥೆ ಉಂಟು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ, ಅಪ್‌ಡೇಟ್ ಪುಟದಲ್ಲಿ ಹೆಸರು ನೋಂದಾಯಿಸಬೇಕು. ಸೆಟ್ಟಿಂಗುಗಳ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡಿಲ್ಲ. ಅದನ್ನು ಇವತ್ತೇ ಮಾಡಿ. ಆಮೇಲೆ ನಿಧಾನಕ್ಕೆ ಯೋಚಿಸಿ.

ಪೆರ್ಲದ_ಮೇಷ್ಟ್ರು · ಶನಿವಾರ ಬೆಳಿಗ್ಗೆ 6:30

ಮಗಳ ಮಾತು ಕೇಳಿ. ನಾನು ಹೈಸ್ಕೂಲಿನಲ್ಲಿ ಐಟಿ ಪಾಠ ಮಾಡುವವ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಹೊರಗಿನ ಕನ್ನಡದವರಿಗೆ ಇದು ಗೊತ್ತಿರುವುದಿಲ್ಲ. ಬೆಂಗಳೂರಿನ ಮಗು ಕಂಪ್ಯೂಟರ್ ಅಂದ ಕೂಡಲೇ ವಿಂಡೋಸ್ ಅನ್ನುತ್ತದೆ. ಕಾಸರಗೋಡಿನ ಕನ್ನಡ ಶಾಲೆಯ ಮಗು ಹಾಗಲ್ಲ. ಕೇರಳದಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ. ಅದೇ ವರ್ಷ ತಿರುವನಂತಪುರದಲ್ಲಿ ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕೂಡ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಸರಕಾರಿ, ಅನುದಾನಿತ ಶಾಲೆಗಳ ಲ್ಯಾಬೆಲ್ಲ ಲಿನಕ್ಸಿಗೆ ಬಂತು. 2017ರಲ್ಲಿ ಆ ಯೋಜನೆಯೇ ಕೈಟ್ ಅನ್ನುವ ಸರಕಾರಿ ಸಂಸ್ಥೆ ಆಯಿತು. ಈಗ ನಮ್ಮ ಲ್ಯಾಬಿನಲ್ಲಿರುವುದು ಕೈಟ್ ಗ್ನು/ಲಿನಕ್ಸ್ 22.04. ಉಬುಂಟು ಅನ್ನುವ ಲಿನಕ್ಸಿನ ಮೇಲೆ ಕಟ್ಟಿದ್ದು. 22.04 ಅಂದರೆ 2022ರ ನಾಲ್ಕನೇ ತಿಂಗಳು, ಮೂಲ ಉಬುಂಟು ಬಂದ ದಿನದ ಲೆಕ್ಕ.

ಅದರಲ್ಲಿ ಜಿಯೋಜೀಬ್ರಾ, ಇಂಕ್‌ಸ್ಕೇಪ್, ಜಿಂಪ್, ಸ್ಕ್ರ್ಯಾಚ್, ಪೈಥಾನ್, ವರ್ಡ್-ಎಕ್ಸೆಲ್ ಬದಲಿಗೆ ಬಳಸುವ ಲಿಬ್ರೆ ಆಫೀಸ್ ಎಲ್ಲ ತುಂಬಿಸಿಯೇ ಕೊಡುತ್ತಾರೆ. ಐಸಿಟಿ ಪುಸ್ತಕ ಕನ್ನಡದಲ್ಲೇ ಉಂಟು. ಪುಸ್ತಕದಲ್ಲಿ ಎಲ್ಲಿ ಒತ್ತಬೇಕು ಅಂತ ಚಿತ್ರ ಹಾಕಿರುವುದು ಇದೇ ಪರದೆಯದ್ದು. ಮಗು ಮನೆಗೆ ಬಂದರೆ ಪರದೆ ಬೇರೆ. ಲ್ಯಾಬಿನಲ್ಲಿ ವಾರಕ್ಕೆ ಎರಡು ಪೀರಿಯಡ್, ಒಂದು ಯಂತ್ರಕ್ಕೆ ಇಬ್ಬರು-ಮೂವರು. ಕರೆಂಟು ಹೋದರೆ ಅದೂ ಇಲ್ಲ. ಐಟಿ ಪ್ರಾಯೋಗಿಕ ಪರೀಕ್ಷೆಗೆ ಮನೆಯಲ್ಲಿ ಕೈ ಪಳಗಿಸಿದವರಿಗೂ ಪಳಗಿಸದವರಿಗೂ ಇರುವ ವ್ಯತ್ಯಾಸ ನಾನು ಪ್ರತಿ ವರ್ಷ ನೋಡುತ್ತೇನೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಹೊಸದಾಗಿ ಕಲಿಯಬೇಕಾದವರು ಮಗಳಲ್ಲ. ನೀವು ಮತ್ತು ನಿಮ್ಮ ಅಪ್ಪ. ಕಲಿಸುವವಳು ಮನೆಯಲ್ಲೇ ಇದ್ದಾಳೆ.

ಕುಂಬಳೆ_ಡಿಟಿಪಿ · ಶನಿವಾರ ಬೆಳಿಗ್ಗೆ 8:05

ಮೇಷ್ಟ್ರೇ, ಶಾಲೆಯದ್ದು ಸರಿ. ಹೊಟ್ಟೆಪಾಡಿನದ್ದು ಹೇಳಿ.

ನಾನು ಇಪ್ಪತ್ತೆರಡು ವರ್ಷದಿಂದ ಆಮಂತ್ರಣ ಪತ್ರಿಕೆ, ಬಿಲ್ ಬುಕ್, ನೇಮದ ನೋಟಿಸು ಮಾಡುತ್ತಿರುವವ. ನನ್ನ ಕೆಲಸ ಇವತ್ತಿಗೂ ಪೇಜ್‌ಮೇಕರ್ 7ರಲ್ಲಿ. ಪುಟ ಜೋಡಿಸುವ 2001ರ ತಂತ್ರಾಂಶ, ನಗಬೇಡಿ. ಈ ಸೀಮೆಯ ಪ್ರೆಸ್ಸುಗಳೂ ಅದನ್ನೇ ಕೇಳುತ್ತವೆ. ಹಳೆ ಗಿರಾಕಿ ಬಂದು "ಹೋದ ವರ್ಷದ್ದೇ, ತಾರೀಕು ಮಾತ್ರ ಬದಲಿಸಿ" ಅಂದರೆ ಐದು ನಿಮಿಷದಲ್ಲಿ ಕೊಡಬೇಕು. ಲಿನಕ್ಸಿನಲ್ಲಿ ಆ ಫೈಲು ತೆರೆಯುತ್ತದಾ? ಫೋಟೋಶಾಪ್ ಉಂಟಾ? ಟ್ಯಾಲಿ ಉಂಟಾ? ಇಲ್ಲ ಅಂತ ನೇರ ಹೇಳಿ.

ಒಮ್ಮೆ ಯಾರೋ ಹೇಳಿದರು ಅಂತ ಪೇಜ್‌ಮೇಕರ್ ಬದಲಿಗೆ ಸ್ಕ್ರೈಬಸ್ ಹಾಕಿದ್ದೆ. ಶ್ರೀ ಅಂತ ಹೊಡೆದರೆ ಶ್‌ ಒಂದು ಕಡೆ, ರೀ ಒಂದು ಕಡೆ. ದೇವರ ಹೆಸರೇ ಒಡೆದು ಹೋಯಿತು. ಅವತ್ತೇ ಕೈ ಮುಗಿದೆ.

ಹೊಸಂಗಡಿ_ಸ್ಕ್ರೂಡ್ರೈವರ್ · ಶನಿವಾರ ಬೆಳಿಗ್ಗೆ 8:40

ನೇರ ಹೇಳುತ್ತೇನೆ. ಪೇಜ್‌ಮೇಕರ್ ಇಲ್ಲ. ಫೋಟೋಶಾಪ್ ಇಲ್ಲ. ಟ್ಯಾಲಿ ಇಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಿಗೂ ಹಲವು ಕಡೆ ವಿಂಡೋಸೇ ಬೇಕಾಗುತ್ತದೆ. ನಿಮ್ಮಂಥವರಿಗೆ ನಾನೇ ಹೇಳುವುದು, ವಿಂಡೋಸ್ ಬಿಡಬೇಡಿ, ದುಡ್ಡು ಕೊಟ್ಟು ಅಸಲಿ ತೆಗೆಯಿರಿ ಅಂತ. ಅದು ನಿಮ್ಮ ಹಾರೆ-ಕತ್ತಿ. ಹತ್ಯಾರಿಗೆ ಖರ್ಚು ಮಾಡದೆ ಆಗುತ್ತದಾ?

ಸ್ಕ್ರೈಬಸ್ ಬಗ್ಗೆ ಮಾತ್ರ ಒಂದು ತಿದ್ದುಪಡಿ. ನೀವು ನೋಡಿದ್ದು 1.4 ಇರಬೇಕು. ಅದಕ್ಕೆ ನಮ್ಮ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. 2024ರ ಆರಂಭದಲ್ಲಿ ಬಂದ 1.6ರಲ್ಲಿ ಶ್ರೀ ಒಡೆಯುವುದಿಲ್ಲ. ಅಂದಮಾತ್ರಕ್ಕೆ ನಿಮ್ಮ ಇಪ್ಪತ್ತೆರಡು ವರ್ಷದ ಫೈಲು ಅದರಲ್ಲಿ ತೆರೆಯುವುದಿಲ್ಲ, ಅದೂ ನಿಜ.

ಆದರೆ ಇಲ್ಲಿ ಪ್ರಶ್ನೆ ಕೇಳಿದವರು ಡಿಟಿಪಿಯವರಲ್ಲ ಅಲ್ವಾ?

ಕುಂಬಳೆ_ಡಿಟಿಪಿ · ಶನಿವಾರ ಬೆಳಿಗ್ಗೆ 8:44

ಅವರ ಅಪ್ಪ ಆಮಂತ್ರಣ ಟೈಪ್ ಮಾಡಿ ಕಳಿಸುವುದು ನಮ್ಮಂಥವರಿಗೇ ಮಾರಾಯ್ರೆ. ನುಡಿಯಲ್ಲಿ ಬಂದರೆ ನನಗೆ ಸುಲಭ. ಯೂನಿಕೋಡಿನಲ್ಲಿ, ಅಂದರೆ ಮೊಬೈಲಿನಲ್ಲೆಲ್ಲ ಇರುವ ಕನ್ನಡದಲ್ಲಿ, ಬಂದರೆ ನಾನು ನುಡಿಯ ಫಾಂಟಿಗೆ ತಿರುಗಿಸಬೇಕು.

ನೀರ್ಚಾಲು_ಅಮ್ಮ · ಶನಿವಾರ ಮಧ್ಯಾಹ್ನ 1:20

ಲಿನಕ್ಸ್ ಹಾಕುವ ಮೊದಲು ನನ್ನ ಕಥೆ ಓದಿ.

ಎರಡು ವರ್ಷದ ಹಿಂದೆ ಮಗನ ಒತ್ತಾಯಕ್ಕೆ ನಾನೇ ಕೂತು ಹಾಕಿದೆ. ವಿಡಿಯೋ ನೋಡಿಕೊಂಡು ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ಒಂದು ಕಡೆ ಎರಡು ಆಯ್ಕೆ ಬಂತು. ವಿಂಡೋಸಿನ ಪಕ್ಕದಲ್ಲಿ ಹಾಕುವುದಾ, ಡಿಸ್ಕ್ ಅಳಿಸಿ ಹಾಕುವುದಾ ಅಂತ. ನಾನು ಅಂದುಕೊಂಡೆ, ವಿಂಡೋಸ್ ಇರುವುದು ಸಿ ಡ್ರೈವಿನಲ್ಲಿ, ಅದು ಹೋಗಲಿ. ಫೋಟೋ ಎಲ್ಲ ಡಿ ಡ್ರೈವಿನಲ್ಲಿ ಉಂಟಲ್ಲ, ಅದು ಬೇರೆ ಡಿಸ್ಕು ಅಂತ. ಅಳಿಸು ಅಂದೆ.

ಸಿ, ಡಿ ಎಲ್ಲ ಒಂದೇ ಡಿಸ್ಕಿನಲ್ಲಿ ಗೆರೆ ಎಳೆದದ್ದು ಅಂತ ನನಗೆ ಯಾರೂ ಹೇಳಿರಲಿಲ್ಲ. ಗದ್ದೆಗೆ ಹುಣಿ ಹಾಕಿದ ಹಾಗೆ. ಟ್ರ್ಯಾಕ್ಟರ್ ಹೋದದ್ದು ಇಡೀ ಗದ್ದೆಗೆ. ನಾದಿನಿಯ ಮದುವೆ, ಮಗನ ಅನ್ನಪ್ರಾಶನ, ಎಲ್ಲ ಹೋಯಿತು. ಆಮೇಲೆ ಒಬ್ಬರು ಫೋಟೋರೆಕ್ ಅನ್ನುವುದರಲ್ಲಿ ಹುಡುಕಿಕೊಟ್ಟರು. ಸುಮಾರು ಫೋಟೋ ಸಿಕ್ಕಿತು, ಆದರೆ ಹೆಸರು ತಾರೀಕು ಒಂದೂ ಇಲ್ಲ. ಸಾವಿರಗಟ್ಟಲೆ ಫೋಟೋ, ಬರೀ ನಂಬರು. ಮದುವೆಯ ಮಧ್ಯೆ ಹಲಸಿನಕಾಯಿ ಹಪ್ಪಳದ ಫೋಟೋ. ಇವತ್ತಿಗೂ ಬಿಡುವಾದಾಗ ವಿಂಗಡಿಸುತ್ತಾ ಇದ್ದೇನೆ.

ತಪ್ಪು ನನ್ನದೇ. ಲಿನಕ್ಸಿನದ್ದಲ್ಲ. ಈಗಲೂ ಅದನ್ನೇ ಬಳಸುತ್ತೇನೆ, ಇದನ್ನು ಬರೆಯುತ್ತಿರುವುದೂ ಅದರಲ್ಲೇ. ಆದರೆ ಅಪ್ಪನ ಹದಿನೈದು ವರ್ಷದ ಫೈಲು ಅಂದಿರಲ್ಲ, ಓದಿ ನನ್ನ ಎದೆ ಧಸಕ್ಕೆಂದಿತು. ಮೊದಲು ಪೆನ್‌ಡ್ರೈವಿಗೆ ಹಾಕಿ. ಒಂದಕ್ಕಲ್ಲ, ಎರಡಕ್ಕೆ.

ಹೊಸಂಗಡಿ_ಸ್ಕ್ರೂಡ್ರೈವರ್ · ಶನಿವಾರ ಮಧ್ಯಾಹ್ನ 2:10

ಅಮ್ಮ ಹೇಳಿದ್ದನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಬೇಕು.

ಅದಕ್ಕೇ ನಾನು ಹೇಳುವುದು, ಹಳೆ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡಿ. ಹೊಸ ಎಸ್‌ಎಸ್‌ಡಿಗೆ ಹೊಸ ವ್ಯವಸ್ಥೆ ಹಾಕಿ. ಬೇಡ ಅನಿಸಿದರೆ ಹಳೆಯದನ್ನು ಮತ್ತೆ ಸಿಕ್ಕಿಸಿದರಾಯಿತು, ಎಲ್ಲ ಇದ್ದ ಹಾಗೆ.

ಓದುವ ಬೇರೆಯವರಿಗೆ: ಹೊಸ ಲ್ಯಾಪ್‌ಟಾಪ್ ಇದ್ದರೆ ಇನ್ನೊಂದು ಗಂಡಾಂತರ ಉಂಟು. ವಿಂಡೋಸ್ 11 ಬಂದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತನ್ನಷ್ಟಕ್ಕೆ ಬಿಟ್‌ಲಾಕರ್‌ನಲ್ಲಿ ಬೀಗ ಹಾಕಿಕೊಂಡಿರುತ್ತದೆ. ರಿಕವರಿ ಕೀ ಬರೆದಿಟ್ಟುಕೊಳ್ಳದೆ ಬಯೋಸ್‌ನಲ್ಲಿ, ಅಂದರೆ ಯಂತ್ರ ಶುರುವಾಗುವ ಸೆಟ್ಟಿಂಗಿನಲ್ಲಿ, ಕೈಯಾಡಿಸಿದರೆ, ಅದು 48 ಅಂಕಿಯ ಕೀ ಕೇಳಿ ಕೂತುಬಿಡುತ್ತದೆ. ಎರಡೂ ವ್ಯವಸ್ಥೆ ಒಟ್ಟಿಗೆ ಇಡುವವರು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಇಲ್ಲದಿದ್ದರೆ ಅದು ಪೂರ್ತಿ ಮಲಗುವುದಿಲ್ಲ, ಅರ್ಧ ಕಣ್ಣು ತೆರೆದಿರುತ್ತದೆ. ಲಿನಕ್ಸಿನಿಂದ ಆ ಡ್ರೈವಿಗೆ ಬರೆಯಲು ಆಗುವುದಿಲ್ಲ.

ಉಪ್ಪಳ_ಗೇಮರ್ · ಶನಿವಾರ ಮಧ್ಯಾಹ್ನ 2:31

ನೋಡಿ, ಇಷ್ಟೆಲ್ಲ ಎಚ್ಚರಿಕೆ ಬೇಕು. ಅದಕ್ಕೇ ಹೇಳಿದ್ದು. ಮತ್ತೆ ವ್ಯಾಲೊರಂಟ್ ಗೇಮ್ ಲಿನಕ್ಸಿನಲ್ಲಿ ಆಡಲು ಆಗುವುದೇ ಇಲ್ಲ.

ನೀರ್ಚಾಲು_ಅಮ್ಮ · ಶನಿವಾರ ಮಧ್ಯಾಹ್ನ 2:33

ಒಂಬತ್ತನೇ ಕ್ಲಾಸಿನ ಮಗಳಿರುವ ಮನೆಗೆ ಅದು ಒಳ್ಳೆಯದೇ ಅಲ್ವಾ 😄

ತೋಟದಮನೆ_ಬದಿಯಡ್ಕ · ಶನಿವಾರ ಸಂಜೆ 6:15

ತುಂಬ ಉಪಕಾರ. ಮೊದಲ ಕೆಲಸ, ಎರಡು ಪೆನ್‌ಡ್ರೈವಿಗೆ ಫೈಲು ಹಾಕಿದೆ. ಅಪ್ಪನನ್ನು ಕೂರಿಸಿ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ, "ನನ್ನ ಕನ್ನಡ ಬರುತ್ತದಾ?"

ಹಾಗಾಗಿ ನನ್ನ ಪ್ರಶ್ನೆಯೂ ಈಗ ಅದೊಂದೇ. ನುಡಿ ಲಿನಕ್ಸಿನಲ್ಲಿ ಇಲ್ಲ ಅಂತ ಮಗಳು ಹೇಳುತ್ತಾಳೆ. ಹಾಗಾದರೆ ಹಳೆ ಫೈಲುಗಳ ಗತಿ?

ಹೊಸಂಗಡಿ_ಸ್ಕ್ರೂಡ್ರೈವರ್ · ಶನಿವಾರ ರಾತ್ರಿ 9:00

ಈಗ ಸರಿಯಾದ ಪ್ರಶ್ನೆಗೆ ಬಂದಿರಿ. ಊಟ ಮಾಡಿ ಕೂತಿದ್ದೇನೆ, ವಿವರವಾಗಿ ಬರೆಯುತ್ತೇನೆ.

ಅಪ್ಪ ಟೈಪ್ ಮಾಡಿದ್ದನ್ನು ವಾಟ್ಸಾಪ್ ಗುಂಪಿಗೆ ಅಂಟಿಸಿದರೆ ಏನಾಗುತ್ತದೆ ಅಂತ ನೋಡಿದ್ದೀರಾ? ಕನ್ನಡ ಅನ್ನುವ ಪದ ಹೀಗೆ ಕಾಣುತ್ತದೆ: ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೆ ಓರೆಗೆರೆ ಇರುವ ಎ, ನಡುವೆ ಇಂಗ್ಲೆಂಡಿನ ಪೌಂಡ್ ಚಿಹ್ನೆ. ಯಾಕೆ? ಹಳೆ ನುಡಿ, ಬರಹ ಫಾಂಟುಗಳಲ್ಲಿ ನಿಜವಾಗಿ ಕನ್ನಡ ಇಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅಪ್ಪ ಹದಿನೈದು ವರ್ಷ ಬರೆದದ್ದು ಪಿ, ಪೌಂಡು, ಎ ಇಂಥವೇ. ಆ ಪೌಂಡ್ ಚಿಹ್ನೆಯ ಜಾಗದಲ್ಲಿ ನ ಅಕ್ಷರದ ಚಿತ್ರ ಕೂರಿಸಿದ ಫಾಂಟು ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ವೇಷ ಕಳಚಿದರೆ ಒಳಗಿರುವವ ಬೇರೆಯೇ.

ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆ ತನ್ನದೇ 128 ಜಾಗ ಮೀಸಲು. ಕ ಅಂದರೆ ಎಲ್ಲಿ ಹೋದರೂ ಕ.

ಈಗ ಗಮನಿಸಿ. ಇದು ವಿಂಡೋಸ್-ಲಿನಕ್ಸ್ ಜಗಳವೇ ಅಲ್ಲ. ನೀವು ಲಕ್ಷ ರೂಪಾಯಿ ಕೊಟ್ಟು ಹೊಸ ಕಂಪ್ಯೂಟರು, ಅಸಲಿ ವಿಂಡೋಸ್ 11 ತಂದರೂ ಅಪ್ಪನ ಫೈಲಿನಲ್ಲಿ ಅಭಿಮನ್ಯು ಅಂತ ಹುಡುಕಿದರೆ ಸಿಗುವುದಿಲ್ಲ. ಅಭಿಮನ್ಯು ಅಲ್ಲಿ ಇಲ್ಲ. ಈ ತನಕ ನಿಮ್ಮನ್ನು ಕಟ್ಟಿಹಾಕಿದ್ದು ವಿಂಡೋಸ್ ಅಂತ ತಿಳಿದಿದ್ದೀರಿ. ಕಟ್ಟಿಹಾಕಿದ್ದು ಫಾಂಟು.

ದಾರಿ ಎರಡು ಉಂಟು. ಸುಮ್ನೆ ಓದಲು, ಪ್ರಿಂಟ್ ತೆಗೆಯಲು ಮಾತ್ರವಾದರೆ ಆ ನುಡಿ ಫಾಂಟುಗಳನ್ನೇ ಲಿನಕ್ಸಿಗೆ ಹಾಕಿಕೊಳ್ಳಿ. ಫೈಲಿನ ಮೇಲೆ ಎರಡು ಸಲ ಒತ್ತಿದರೆ ಹಾಕು ಅಂತ ಕೇಳುತ್ತದೆ, ಅಷ್ಟೇ. ಲಿಬ್ರೆ ಆಫೀಸಿನಲ್ಲಿ ಹಳೆ ಫೈಲು ಇದ್ದ ಹಾಗೇ ಕಾಣುತ್ತದೆ. ಮುಂದೆಯೂ ತಿದ್ದಬೇಕಾದದ್ದು, ಮಕ್ಕಳು ಮೊಮ್ಮಕ್ಕಳು ಓದಬೇಕಾದದ್ದು ಇದ್ದರೆ ಪರಿವರ್ತಕದಲ್ಲಿ ಯೂನಿಕೋಡಿಗೆ ತಿರುಗಿಸಿ. ಪುಕ್ಕಟೆ ಪರಿವರ್ತಕಗಳು ಬೇಕಾದಷ್ಟಿವೆ.

ತಿರುಗಿಸಿದ ಮೇಲೆ ಅರ್ಕಾವತ್ತು ನೋಡಿ. ಕರ್ನಾಟಕ ಅನ್ನುವಾಗ ಹಳೆ ಫಾಂಟಿನಲ್ಲಿ ಅರ್ಕಾವತ್ತು ನಾ ಆದ ಮೇಲೆ ಕೂತಿರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರ್ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದೆ ಮುಂದೆ ಮಾಡುವಾಗ ಒಮ್ಮೊಮ್ಮೆ ಎಡವುತ್ತದೆ. ಮತ್ತೆ ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂತ ತಿಳಿದು ಏನೇನೋ ಮಾಡಿಹಾಕುತ್ತದೆ.

ಟೈಪ್ ಮಾಡುವುದಕ್ಕೆ ಅಪ್ಪ ಹೊಸದು ಕಲಿಯಬೇಕಾಗಿಲ್ಲ. ನುಡಿಯಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಉಂಟು. ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಅಂತ ಹುಡುಕಿ. ಕನ್ನಡ ಅಂತ ಹೊಡೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಒತ್ತಿಗೆ ಎಫ್. ಅಪ್ಪನ ಬೆರಳಿಗೆ ಇದು ಗೊತ್ತಿರುತ್ತದೆ.

ಉಪ್ಪಳ_ಗೇಮರ್ · ಶನಿವಾರ ರಾತ್ರಿ 9:20

ಹೊಸ ನುಡಿಯಲ್ಲಿ ಯೂನಿಕೋಡ್ ಉಂಟು. ವಿಂಡೋಸಿನಲ್ಲೂ ಈ ಕೆಲಸ ಆಗುತ್ತದೆ.

ಹೊಸಂಗಡಿ_ಸ್ಕ್ರೂಡ್ರೈವರ್ · ಶನಿವಾರ ರಾತ್ರಿ 9:22

ಆಗುತ್ತದೆ. ನಾನೂ ಅದನ್ನೇ ಹೇಳಿದ್ದು.

ಕುಂಬಳೆ_ಡಿಟಿಪಿ · ಶನಿವಾರ ರಾತ್ರಿ 10:05

ಅರ್ಕಾವತ್ತಿನ ವಿಷಯ ನಿಜ. ದುರ್ಗಾಪರಮೇಶ್ವರಿಯ ಹೆಸರು ನಮ್ಮ ಸೀಮೆಯ ಆಮಂತ್ರಣದಲ್ಲಿ ಇಲ್ಲದೆ ಇರುವುದಿಲ್ಲ, ತಿರುಗಿಸಿದಾಗ ಎಷ್ಟು ಸಲ ಕೆಟ್ಟಿದೆಯೋ. ನಾನು ಮೊದಲು ನೋಡುವುದೇ ಆ ಪದ.

ಮಂಜೇಶ್ವರ_ಕಡಲು · ಭಾನುವಾರ ಬೆಳಿಗ್ಗೆ 7:45

ಯಾರೂ ಹೇಳದ ಒಂದು ವಿಷಯ. ಐನೂರು ರೂಪಾಯಿಯ ವಿಂಡೋಸ್. ಅದರೊಳಗೆ ಲೈಸೆನ್ಸ್ ಇದ್ದ ಹಾಗೆ ತೋರಿಸುವ ಆಕ್ಟಿವೇಟರ್ ಅಂತ ಒಂದು ಹಾಕುತ್ತಾರೆ. ಹಾಕುವಾಗ ಆಂಟಿವೈರಸ್ ಬೊಬ್ಬೆ ಹೊಡೆಯುತ್ತದೆ, ಅದರ ಬಾಯಿ ಮುಚ್ಚಿಸಿಯೇ ಹಾಕಬೇಕು. ಅದೇ ಯಂತ್ರದಲ್ಲಿ ನಿಮ್ಮ ಹೆಂಡತಿ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವುದು. ಮನೆಗೆ ಬೀಗ ಹಾಕಿದವನ ಕೈಯಲ್ಲಿ ಇನ್ನೊಂದು ಕೀ ಇರುವುದು ಬೇಡ.

2017ರ ಮೇ ತಿಂಗಳ ವಾನಾಕ್ರೈ ನೆನಪುಂಟಾ? ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ್ದು. ನಮ್ಮ ರಾಜ್ಯದಲ್ಲಿ ವಯನಾಡಿನ ಪಂಚಾಯತಿಯ ಕಂಪ್ಯೂಟರಿಗೂ ಬಂತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ ಕೊಟ್ಟಿತ್ತು. ಏಟು ತಿಂದದ್ದು ಅದನ್ನು ಹಾಕಿಕೊಳ್ಳದವರು. ಅಪ್‌ಡೇಟ್ ನಿಂತ ವಿಂಡೋಸಿನಲ್ಲಿ ಸುಮ್ನೆ ಮುಂದುವರಿಯುವುದು ಅಂದರೆ ಅಂಥದ್ದೇ ಗುಂಪಿಗೆ ಸೇರುವುದು.

ಪೆರ್ಲದ_ಮೇಷ್ಟ್ರು · ಭಾನುವಾರ ಬೆಳಿಗ್ಗೆ 9:10

ಇದಕ್ಕೆ ನನ್ನದೊಂದು ಸೇರಿಸುತ್ತೇನೆ. ಲಿನಕ್ಸಿಗೆ ನಮ್ಮವರು ಪುಕ್ಕಟೆ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಫ್ರೀ ಅಂದರೆ ಎರಡರ್ಥ, ಅಲ್ಲಿ ಗೊಂದಲ ಸಹಜ. ನಮಗೆ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಮಲಯಾಳದಲ್ಲೂ ಸ್ವತಂತ್ರ ಅಂತಲೇ ಹೇಳುವುದು. ಕದ್ದ ವಿಂಡೋಸ್ ಕೂಡ ಪುಕ್ಕಟೆಯೇ. ಆದರೆ ಅದನ್ನು ನಾನು ಕ್ಲಾಸಿನಲ್ಲಿ ನಿಂತು ಮಕ್ಕಳಿಗೆ "ಮನೆಗೆ ಒಯ್ಯಿರಿ, ಗೆಳೆಯರಿಗೂ ಕೊಡಿ" ಅಂತ ಹಂಚಲು ಆಗುತ್ತದಾ? ಇದನ್ನು ಹಂಚುತ್ತೇನೆ. ಪ್ರತಿ ವರ್ಷ ಹಂಚುತ್ತೇನೆ.

ಕುಂಬಳೆ_ಡಿಟಿಪಿ · ಭಾನುವಾರ ಬೆಳಿಗ್ಗೆ 9:30

ಸರಿ ಮೇಷ್ಟ್ರೇ. ನೀವು ಹಂಚುವ ಪೆನ್‌ಡ್ರೈವಿಗೂ ದುಡ್ಡುಂಟು, ಹಾಳಾದರೆ ಸರಿಮಾಡುವವರಿಗೂ ದುಡ್ಡುಂಟು. ವಿಂಡೋಸ್ ಕೆಟ್ಟರೆ ಪೇಟೆಯಲ್ಲಿ ಹತ್ತು ಜನ ಸಿಗುತ್ತಾರೆ. ಲಿನಕ್ಸ್ ಕೆಟ್ಟರೆ?

ಪೆರ್ಲದ_ಮೇಷ್ಟ್ರು · ಭಾನುವಾರ ಬೆಳಿಗ್ಗೆ 9:41

ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಬೇರೆ ಊರಿನಲ್ಲಾದರೆ ನಿಮ್ಮದೇ ಸರಿ. ಇಲ್ಲಿ ಪ್ರತಿ ಹೈಸ್ಕೂಲಿನಲ್ಲೂ ಇದನ್ನು ಬಲ್ಲ ಮೇಷ್ಟ್ರು ಟೀಚರು ಇದ್ದಾರೆ, ಲಿಟಲ್ ಕೈಟ್ಸ್ ಅನ್ನುವ ಶಾಲಾ ಐಟಿ ಕೂಟದ ಮಕ್ಕಳಿದ್ದಾರೆ. ಅಂಗಡಿಯ ಬೋರ್ಡು ಇಲ್ಲ, ಅಷ್ಟೇ.

ನೀರ್ಚಾಲು_ಅಮ್ಮ · ಭಾನುವಾರ ಬೆಳಿಗ್ಗೆ 11:00

ಪ್ರಿಂಟರ್ ವಿಷಯ ಮರೆಯಬೇಡಿ. ನಮ್ಮಲ್ಲಿ ಎಲ್ಲ ಸರಿಯಾದ ಮೇಲೆ ಒಂದು ವಾರ ಕಾಡಿದ್ದು ಅದು.

ಹೊಸಂಗಡಿ_ಸ್ಕ್ರೂಡ್ರೈವರ್ · ಭಾನುವಾರ ಬೆಳಿಗ್ಗೆ 11:25

ಹೌದು. ಎಚ್‌ಪಿಯವಕ್ಕೆ ಎಚ್‌ಪಿಲಿಪ್ ಅಂತ ಕಂಪನಿಯದ್ದೇ ಡ್ರೈವರ್, ಅಂದರೆ ಪ್ರಿಂಟರನ್ನು ಓಡಿಸುವ ತಂತ್ರಾಂಶ, ಉಂಟು, ಹೆಚ್ಚಿನವು ಸಿಕ್ಕಿಸಿದ ಕೂಡಲೇ ಓಡುತ್ತವೆ. ಹಳೆ ಲೇಸರ್‌ಜೆಟ್ 1020ರಂಥವಕ್ಕೆ ಮಾತ್ರ ಹೆಚ್ಚುವರಿ ಪ್ಲಗಿನ್ ಇಳಿಸಬೇಕು. ವೈಫೈ ಇರುವ ಹೊಸವುಗಳಲ್ಲಿ ಹೆಚ್ಚಿನವಕ್ಕೆ ಬೇರೆ ಡ್ರೈವರೇ ಬೇಡ. ಕ್ಯಾನನ್ ಎಲ್‌ಬಿಪಿ 2900 ಇದ್ದರೆ ಸ್ವಲ್ಪ ಬೆವರು. ಅದು ಕ್ಯಾಪ್ಟ್ ಅನ್ನುವ ತನ್ನದೇ ಭಾಷೆ ಮಾತಾಡುವುದು, ಬೇರೆ ಡ್ರೈವರ್ ಹುಡುಕಿ ಹಾಕಬೇಕು.

ಆದ್ದರಿಂದ ಹಾಕುವ ಮೊದಲು ಪರೀಕ್ಷೆ ಮಾಡಿ. ಲಿನಕ್ಸಿನ ಒಂದು ಬಗೆಯಾದ ಮಿಂಟ್ ಇರುವ ಪೆನ್‌ಡ್ರೈವಿನಿಂದ ಯಂತ್ರ ಶುರುಮಾಡಿದರೆ ಡಿಸ್ಕಿಗೆ ಕೈ ಹಚ್ಚದೆ ಪೂರ್ತಿ ವ್ಯವಸ್ಥೆ ಓಡುತ್ತದೆ. ಪ್ರಿಂಟರ್ ಸಿಕ್ಕಿಸಿ ನೋಡಿ, ವೈಫೈ ನೋಡಿ, ಶಬ್ದ ನೋಡಿ, ಅಪ್ಪನಿಗೆ ನಾಲ್ಕು ಸಾಲು ಹೊಡೆಯಲು ಕೊಡಿ. ವಿಂಡೋಸಿಗೆ ಈ ಸೌಕರ್ಯ ಇಲ್ಲ ನೋಡಿ. ಮದುವೆಗೆ ಮುಂಚೆ ಒಂದು ವಾರ ಮನೆಯಲ್ಲಿ ಬಂದು ಇರುವ ಹಾಗೆ.

ಯಾವುದು ಅಂತ ಕೇಳಿದರೆ ನಾನು ಮಿಂಟ್ ಅನ್ನುತ್ತೇನೆ. ಕೆಳಗಿನ ಪಟ್ಟಿ, ಮೆನು ಎಲ್ಲ ವಿಂಡೋಸಿನ ರೂಢಿಯದ್ದೇ. 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಉಂಟು. ರ‍್ಯಾಮ್ 4ರಲ್ಲೇ ಉಳಿದರೆ ಅದರದ್ದೇ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ಮೇಷ್ಟ್ರು ಕೈಟ್ ಅನ್ನುತ್ತಾರೆ, ಮಗಳಿಗೆ ಅದೇ ಒಳ್ಳೆಯದು ಅನಿಸಿದರೆ ಅದೂ ಆಗಬಹುದು. ಇಬ್ಬರೂ ಉಬುಂಟುವಿನ ಮಕ್ಕಳೇ.

ತೋಟದಮನೆ_ಬದಿಯಡ್ಕ · ಮುಂದಿನ ಭಾನುವಾರ ರಾತ್ರಿ 8:30

ಒಂದು ವಾರ ಸುದ್ದಿ ಇಲ್ಲದೆ ಇದ್ದದ್ದಕ್ಕೆ ಕ್ಷಮಿಸಿ. ಅಡಿಕೆ ಕೊಯ್ಲು ನಡೆಯುತ್ತಿತ್ತು.

ಎಸ್‌ಎಸ್‌ಡಿ ಹಾಕಿಸಿದೆ, ರ‍್ಯಾಮ್ 8 ಆಯಿತು. ಹಳೆ ಡಿಸ್ಕ್ ಕಪಾಟಿನಲ್ಲಿ ಅಪ್ಪನ ಪಂಚೆಗಳ ಕೆಳಗೆ ಉಂಟು. ಕೊನೆಗೆ ಹಾಕಿದ್ದು ಮಿಂಟ್. ಮಗಳು ಜಿಯೋಜೀಬ್ರಾ, ಇಂಕ್‌ಸ್ಕೇಪ್ ಅವಳೇ ಹಾಕಿಕೊಂಡಳು. ಈಗ ಸ್ವಿಚ್ ಹಾಕಿ ಹಟ್ಟಿಯ ಬಾಗಿಲಿಗೆ ಹೋಗುವುದರೊಳಗೆ ತೆರೆಯುತ್ತದೆ.

ಪ್ರಿಂಟರ್ ಎರಡನೇ ದಿನ ಓಡಿತು. ನನ್ನ ಕೂಲಿ ಲೆಕ್ಕದ ಎಕ್ಸೆಲ್ ಫೈಲು ತೆರೆಯಿತು. ತಾನಾಗಿ ಕೂಡಿಸುವ ಎರಡು ಮ್ಯಾಕ್ರೋ ಮಾತ್ರ ಕೆಲಸ ಮಾಡಲಿಲ್ಲ, ಅವನ್ನು ಬರೆದುಕೊಟ್ಟವ ಈಗ ದುಬೈಯಲ್ಲಿ. ಕೈಯಲ್ಲೇ ಕೂಡಿಸುತ್ತಿದ್ದೇನೆ. ಹೆಂಡತಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಅವಳಿಗೆ ಬೇಕಾದದ್ದು ಬ್ರೌಸರ್ ಒಂದೇ.

ಅಪ್ಪನ ವಿಷಯ. ಮೊದಲ ದಿನ ಮುಟ್ಟಲಿಲ್ಲ. ಎರಡನೇ ದಿನ ಮೊಮ್ಮಗಳು ಪಕ್ಕದಲ್ಲಿ ಕೂತು ಕಗಪ ಹಾಕಿಕೊಟ್ಟಳು. ಅವರು ಕನ್ನಡಕ ಏರಿಸಿ ಮೆಲ್ಲನೆ ಒಂದು ಪದ ಹೊಡೆದರು. ಕೀಲಿಮಣೆ ನೋಡಲೇ ಇಲ್ಲ. ಬಂತು. ಆಮೇಲೆ ಒಂದು ಪದ್ಯ ಪೂರ್ತಿ ಹೊಡೆದರು. "ಅದೇ ಉಂಟಲ್ಲ" ಅಂದರು.

ಹಳೆ ಫೈಲುಗಳಲ್ಲಿ ನಲವತ್ತನ್ನು ತಿರುಗಿಸಿದ್ದೇವೆ. ಹೊಸಂಗಡಿಯವರು ಹೇಳಿದ್ದು ಸರಿ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತದೆ. ಅಪ್ಪ ಕೆಂಪು ಪೆನ್ನು ಹಿಡಿದು ಪ್ರಿಂಟಿನಲ್ಲಿ ಗುರುತು ಹಾಕುತ್ತಾರೆ, ಮಗಳು ತಿದ್ದುತ್ತಾಳೆ. ಅಜ್ಜನ ಪ್ರಸಂಗವನ್ನು ಅವಳು ಓದುತ್ತಿರುವುದು ಇದೇ ಮೊದಲು. ನಿನ್ನೆ ಅವಳು ಹುಡುಕುವ ಪೆಟ್ಟಿಗೆಯಲ್ಲಿ ಅಭಿಮನ್ಯು ಅಂತ ಹೊಡೆದಳು, ತಿರುಗಿಸಿದ ಎಲ್ಲ ಫೈಲುಗಳಿಂದ ಒಟ್ಟು ಹನ್ನೊಂದು ಕಡೆ ಸಿಕ್ಕಿತು. ಅಪ್ಪ ಎದ್ದು ಬಂದು ನೋಡಿದರು. "ಇದರಲ್ಲಿ ಮೂರನೆಯದು ಎಲ್ಲಿ ಬರೆದಿಟ್ಟೆ ಅಂತ ಆರು ವರ್ಷದಿಂದ ಹುಡುಕುತ್ತಿದ್ದೆ" ಅಂದರು.

ಒಂದು ದೂರು ಉಳಿದಿದೆ. ಈಗಿನ ಅಕ್ಷರಕ್ಕೆ ಹೊಟ್ಟೆ ಸಣ್ಣದಂತೆ. ನುಡಿಯಲ್ಲಿ ಅಕ್ಷರ ಉಂಡವರ ಹಾಗೆ ಇತ್ತು, ಇಲ್ಲಿ ಏಕಾದಶಿ ಮಾಡಿದ ಹಾಗೆ ಉಂಟು ಅನ್ನುತ್ತಾರೆ. ಯಾವ ಫಾಂಟು ಹಾಕಲಿ?

ಕುಂಬಳೆ_ಡಿಟಿಪಿ · ಮುಂದಿನ ಭಾನುವಾರ ರಾತ್ರಿ 8:52

ಈಗ ಇರುವುದು ನೋಟೋ ಸಾನ್ಸ್ ಇರಬೇಕು. ಗುಬ್ಬಿ ಅಂತ ಒಂದು ಉಂಟು, ಅದನ್ನು ಹಾಕಿ ನೋಡಿ. ನವಿಲು ಅಂತಲೂ ಒಂದು ಉಂಟು, ಅದು ಬೇಡ, ಕೈಬರಹದ ಹಾಗೆ. ಫಾಂಟಿನ ವಿಷಯದಲ್ಲಿ ನನಗೆ ಪಕ್ಷ ಇಲ್ಲ ಮಾರಾಯ್ರೆ, ಎಲ್ಲಿಯದ್ದಾದರೂ ಚಂದ ಇದ್ದರೆ ಆಯಿತು.

ಮತ್ತೆ ಅಪ್ಪನಿಗೆ ಹೇಳಿ, ಈ ಸಲದ ಆಮಂತ್ರಣ ಯೂನಿಕೋಡಿನಲ್ಲೇ ಕಳಿಸಲಿ. ನಾನು ತಿರುಗಿಸಿಕೊಳ್ಳುತ್ತೇನೆ. ಹೆಚ್ಚಿಗೆ ದುಡ್ಡು ಬೇಡ.

ತೋಟದಮನೆ_ಬದಿಯಡ್ಕ · ಮುಂದಿನ ಭಾನುವಾರ ರಾತ್ರಿ 9:30

ಗುಬ್ಬಿ ಹಾಕಿದೆ. ಹೊಟ್ಟೆ ಪರವಾಗಿಲ್ಲವಂತೆ. ಪ್ರಿಂಟ್ ತೆಗೆದು ನೋಡಬೇಕು ಅಂದರು. ತೆಗೆಯಲು ಹೋದರೆ ಟೋನರ್ ಖಾಲಿ.